ಜೋಡಿ ಗೋ ಆಟದ ಮೂರೂವರೆ ದಶಕ: ಸ್ಥಾನ ಯಾರಿಗೆ, ಯಾವ ಲೆಕ್ಕದಲ್ಲಿ?

ಜಪಾನಿನಲ್ಲಿ 1990ರಲ್ಲಿ ಶುರುವಾದ ಅಂತರರಾಷ್ಟ್ರೀಯ ಹವ್ಯಾಸಿ ಪೇರ್ ಗೋ ಚಾಂಪಿಯನ್‌ಷಿಪ್‌ಗೆ ಈಗ ಮೂರೂವರೆ ದಶಕ. ಒಬ್ಬ ಮಹಿಳೆ, ಒಬ್ಬ ಪುರುಷ ಅಕ್ಕಪಕ್ಕ ಕುಳಿತು ಒಂದೇ ಬಣ್ಣದ ಕಾಯಿಗಳನ್ನು ಸರದಿಯಂತೆ ಇಡುತ್ತ ಹೋಗುವ ಈ ಆಟವನ್ನು ರೂಪಿಸಿದವರು ಉದ್ಯಮಿ ಹಿಸಾವೊ ತಾಕಿ. ಪತ್ನಿ ಹಿರೊಕೊ ತಾಕಿ ಅವರೊಡನೆ ಸೇರಿ ಅವರು ಅದನ್ನು ದೇಶದೇಶಗಳಿಗೆ ಹರಡಿದರು. ಇಷ್ಟು ವರ್ಷಗಳಲ್ಲಿ ಆಟ ಬೆಳೆದಿದೆ, ಅದರ ಹೆಸರು ಬೆಳೆದಿದೆ. ಈ ಹೊತ್ತಿನಲ್ಲಿ ಹಿಂತಿರುಗಿ ನೋಡುವಾಗ ಗೆದ್ದವರ ಪಟ್ಟಿಗಿಂತ ಹೆಚ್ಚು ಗಮನ ಬೇಡುವ ಪ್ರಶ್ನೆ ಒಂದಿದೆ: ಆ ಮಣೆಯ ಮುಂದೆ ಕೂರುವ ಅರ್ಹತೆ ಒಂದು ದೇಶಕ್ಕೆ ಹೇಗೆ ಬರುತ್ತದೆ, ಹೇಗೆ ಬರಬೇಕು?

ಗೋ ಹುಟ್ಟಿದ್ದು ಚೀನಾದಲ್ಲಿ, ಎರಡು ಸಾವಿರ ವರ್ಷಕ್ಕೂ ಹಿಂದೆ. ಪಳಗಿದ್ದು ಕೊರಿಯಾ, ಜಪಾನ್‌ಗಳಲ್ಲಿ. ಅಡ್ಡ 19, ಉದ್ದ 19 ಗೆರೆಗಳು ಕೂಡುವ 361 ಬಿಂದುಗಳ ಮೇಲೆ ಕಪ್ಪು, ಬಿಳಿ ಕಾಯಿಗಳನ್ನು ಒಂದೊಂದಾಗಿ ಇಡುತ್ತಾರೆ. ಚದುರಂಗದ ಹಾಗೆ ಇಲ್ಲಿ ಕಾಯಿ ನಡೆಯುವುದಿಲ್ಲ, ಇಟ್ಟಲ್ಲೇ ಇರುತ್ತದೆ. ಸುತ್ತುವರಿದು ಸೆರೆ ಹಿಡಿದಾಗ ಮಾತ್ರ ಮಣೆಯಿಂದ ಎದ್ದುಹೋಗುತ್ತದೆ. ಹೆಚ್ಚು ನೆಲ ಆವರಿಸಿಕೊಂಡವರಿಗೆ ಜಯ. 2016ರಲ್ಲಿ ದಕ್ಷಿಣ ಕೊರಿಯಾದ ಲೀ ಸೆಡೋಲ್ ಅವರನ್ನು ಆಲ್ಫಾಗೋ ಎಂಬ ಕಂಪ್ಯೂಟರ್ 4-1ರಿಂದ ಸೋಲಿಸಿದಾಗ ಈ ಆಟದ ಹೆಸರು ನಮ್ಮ ಪತ್ರಿಕೆಗಳ ಮುಖಪುಟಕ್ಕೂ ಬಂದಿತ್ತು. ಮರುವರ್ಷ ಚೀನಾದ ವುಜೆನ್‌ನಲ್ಲಿ ಅದೇ ಆಲ್ಫಾಗೋವನ್ನು ಮನುಷ್ಯರ ಜೊತೆಗಾರನಾಗಿ ಕೂರಿಸಿ ಜೋಡಿ ಆಟವನ್ನೂ ಆಡಿಸಿದರು.

ಜೋಡಿ ಆಟದ ಕಟ್ಟುಪಾಡು ಕಟ್ಟುನಿಟ್ಟು. ಮೊದಲು ಕಪ್ಪಿನ ಮಹಿಳೆ, ನಂತರ ಬಿಳಿಯ ಮಹಿಳೆ, ಆಮೇಲೆ ಕಪ್ಪಿನ ಪುರುಷ, ಕೊನೆಗೆ ಬಿಳಿಯ ಪುರುಷ. ಆಟ ಮುಗಿಯುವವರೆಗೂ ಇದೇ ಸರದಿ. ಸರದಿ ತಪ್ಪಿದರೆ 3 ಅಂಕ ದಂಡ. ನಮ್ಮ ಪಗಡೆಯಲ್ಲೂ ಇಬ್ಬಿಬ್ಬರು ಜೊತೆಯಾಗಿ ಆಡುವುದುಂಟು. ಆದರೆ ಅಲ್ಲಿ ಜೊತೆಗಾರರು ‘ಆ ಕಾಯಿ ನಡೆಸು, ಈ ಕಾಯಿ ಕಡಿ’ ಎಂದು ಗಟ್ಟಿಯಾಗಿಯೇ ಮಾತಾಡಿಕೊಳ್ಳುತ್ತಾರೆ. ಇಲ್ಲಿ ಸನ್ನೆಗೂ ಅವಕಾಶವಿಲ್ಲ. ಈಗ ಯಾರ ಸರದಿ ಎಂದು ಕೇಳಬಹುದು, ಸೋಲು ಒಪ್ಪಿಕೊಳ್ಳೋಣವೇ ಎಂದು ಕೇಳಬಹುದು. ಜೊತೆಗಾರರ ನಡುವಿನ ಮಾತು ಅಷ್ಟಕ್ಕೇ ಸೀಮಿತ.

ಇದರಿಂದ ಆಟದ ಸ್ವರೂಪವೇ ಬದಲಾಗುತ್ತದೆ. ಜೋಡಿಯಲ್ಲಿ ಒಬ್ಬರು ಬಹಳ ಗಟ್ಟಿ ಆಟಗಾರರು, ಇನ್ನೊಬ್ಬರು ಸಾಧಾರಣ ಎಂದುಕೊಳ್ಳೋಣ. ಗಟ್ಟಿ ಆಟಗಾರ ಎದುರಾಳಿಯ ಮೂಲೆಗೆ ನುಗ್ಗುವ ಜಾಣ ಕಾಯಿಯೊಂದನ್ನು ಇಟ್ಟ. ಅದರ ಹಿಂದಿನ ಲೆಕ್ಕ ಪಕ್ಕದವರಿಗೆ ಹೊಳೆಯದೆ ಅವರು ಬೇರೆಲ್ಲೋ ಇಟ್ಟರೆ ಆ ಜಾಣತನವೇ ಜೋಡಿಯನ್ನು ಮುಳುಗಿಸುತ್ತದೆ. ಆದ್ದರಿಂದ ಪಳಗಿದ ಜೋಡಿಗಳು ಅತ್ಯುತ್ತಮ ನಡೆಯನ್ನು ಬಿಟ್ಟು ಇಬ್ಬರಿಗೂ ಅರ್ಥವಾಗುವ ನಡೆಯನ್ನು ಆರಿಸುತ್ತವೆ. ಇಬ್ಬರ ಬಲವನ್ನು ಕೂಡಿ ಎರಡರಿಂದ ಭಾಗಿಸಿದರೆ ಜೋಡಿಯ ಬಲ ಸಿಗುವುದಿಲ್ಲ. ಪರಸ್ಪರ ಮನಸ್ಸು ಓದುವ ಅಭ್ಯಾಸದಿಂದ ಮಾತ್ರ ಅದು ಬರುತ್ತದೆ. ಅರ್ಹತೆಯ ಚರ್ಚೆಗೆ ಇದೇ ಬುನಾದಿ.

ಇನ್ನು ಸ್ಥಾನಗಳ ಮಾತು. ಟೋಕಿಯೊದ ಈ ಕೂಟ 32 ಜೋಡಿಗಳದು. ಅಂತರರಾಷ್ಟ್ರೀಯ ಗೋ ಒಕ್ಕೂಟದ ಸದಸ್ಯ ದೇಶ, ಪ್ರದೇಶಗಳು 70ಕ್ಕೂ ಹೆಚ್ಚು. ಆತಿಥೇಯ ಜಪಾನ್ ಒಂದಕ್ಕಿಂತ ಹೆಚ್ಚು ಜೋಡಿಗಳನ್ನು ಇಳಿಸುತ್ತದೆ, ಅವು ಅಲ್ಲಿನ ಪ್ರಾದೇಶಿಕ ಪಂದ್ಯಗಳಿಂದ ಆರಿಸಿ ಬರುತ್ತವೆ. ಉಳಿದ ಸ್ಥಾನಗಳು ಎಲ್ಲ ದೇಶಗಳಿಗೂ ಸಾಲುವುದಿಲ್ಲ ಎಂಬುದಕ್ಕೆ ದೊಡ್ಡ ಗಣಿತವೇನೂ ಬೇಡ. ಇಲ್ಲಿಗೆ ಬರುವುದು ಆಹ್ವಾನದ ಮೇಲೆ. ಆಹ್ವಾನ ಹೋಗುವುದು ದೇಶದ ಗೋ ಸಂಸ್ಥೆಗೆ, ಜೋಡಿಯನ್ನು ಆರಿಸುವುದು ಆ ಸಂಸ್ಥೆ. ಅಂದರೆ ಒಂದು ಜೋಡಿ ಎರಡು ಬಾಗಿಲು ದಾಟಬೇಕು: ಮೊದಲು ತನ್ನ ದೇಶಕ್ಕೆ ಸ್ಥಾನ ಸಿಗಬೇಕು, ಬಳಿಕ ತನ್ನ ದೇಶದಲ್ಲಿ ತಾನು ಆಯ್ಕೆಯಾಗಬೇಕು.

ಮೊದಲ ಬಾಗಿಲಿನಲ್ಲಿ ಸ್ಥಾನ ಹಂಚಲು ಕ್ರೀಡಾಲೋಕ ಕಂಡುಕೊಂಡ ದಾರಿಗಳು ಮೂರು. ಹಿಂದಿನ ಸಾಧನೆಗೆ ಅಂಕ ಕೊಟ್ಟು ಮೇಲಿನವರನ್ನು ಕರೆಯುವುದು ಒಂದು. ಸರದಿಯ ಮೇಲೆ, ಈ ವರ್ಷ ನೀವು, ಮುಂದಿನ ವರ್ಷ ಅವರು ಎಂದು ಹಂಚುವುದು ಎರಡನೆಯದು. ಖಂಡದ ಮಟ್ಟದಲ್ಲಿ ಪಂದ್ಯ ಆಡಿಸಿ ಗೆದ್ದವರನ್ನು ಕಳಿಸುವುದು ಮೂರನೆಯದು. ಬರೀ ಅಂಕ ಹಿಡಿದರೆ ಬಲಿಷ್ಠ ದೇಶಗಳೇ ಮತ್ತೆ ಮತ್ತೆ ಬರುತ್ತವೆ, ಹೊಸಬರಿಗೆ ಅಂಕ ಗಳಿಸುವ ಅವಕಾಶವೇ ಹುಟ್ಟುವುದಿಲ್ಲ. ಬರೀ ಸರದಿ ಹಿಡಿದರೆ ದುಡಿದವರಿಗೂ ದುಡಿಯದವರಿಗೂ ವ್ಯತ್ಯಾಸ ಉಳಿಯುವುದಿಲ್ಲ. ಅರ್ಹತಾ ಪಂದ್ಯ ನ್ಯಾಯವಾದದ್ದೇ. ಆದರೆ ಬಡ ಸಂಸ್ಥೆಯೊಂದು ಒಂದೇ ವರ್ಷದಲ್ಲಿ ಎರಡು ವಿದೇಶ ಪ್ರಯಾಣದ ಖರ್ಚು ಹೊರಬೇಕಾಗುತ್ತದೆ.

ಬೇರೆ ಆಟಗಳು ಇದನ್ನು ಬಿಡಿಸಿಕೊಂಡ ಬಗೆ ನೋಡಬೇಕು. ಒಲಿಂಪಿಕ್ಸ್‌ನ ಬ್ಯಾಡ್ಮಿಂಟನ್ ಮಿಶ್ರ ಡಬಲ್ಸ್‌ನಲ್ಲಿ 16 ಜೋಡಿಗಳು. ಆಯ್ಕೆ ರ‍್ಯಾಂಕಿಂಗ್ ಮೇಲೆಯೇ ನಡೆದರೂ ಪ್ರತಿ ಖಂಡಕ್ಕೂ ಪ್ರಾತಿನಿಧ್ಯ ಇರುವಂತೆ ನೋಡಿಕೊಳ್ಳುತ್ತಾರೆ. ಟೋಕಿಯೊ ಒಲಿಂಪಿಕ್ಸ್‌ನ ಟೇಬಲ್ ಟೆನಿಸ್ ಮಿಶ್ರ ಡಬಲ್ಸ್‌ಗೆ ನಮ್ಮ ಶರತ್ ಕಮಲ್, ಮಣಿಕಾ ಬಾತ್ರಾ ಅರ್ಹತೆ ಪಡೆದದ್ದು 2021ರ ಮಾರ್ಚ್‌ನಲ್ಲಿ ದೋಹಾದಲ್ಲಿ ಏಷ್ಯಾ ಅರ್ಹತಾ ಪಂದ್ಯದ ಫೈನಲ್‌ನಲ್ಲಿ ಕೊರಿಯಾದ ಜೋಡಿಯನ್ನು ಸೋಲಿಸಿ. ಚೆಸ್ ಒಲಿಂಪಿಯಾಡ್‌ನದು ಇನ್ನೊಂದು ತುದಿ. ಅಲ್ಲಿ ಅರ್ಹತಾ ಸುತ್ತೇ ಇಲ್ಲ, ಸದಸ್ಯ ದೇಶಗಳೆಲ್ಲ ತಂಡ ಕಳಿಸಬಹುದು. 2022ರಲ್ಲಿ ಚೆನ್ನೈ ಬಳಿಯ ಮಾಮಲ್ಲಪುರಂಗೆ 186 ದೇಶಗಳು ಮುಕ್ತ ವಿಭಾಗದ ತಂಡಗಳನ್ನು ಕಳಿಸಿದ್ದವು. ಮಹಿಳಾ ವಿಭಾಗಕ್ಕೆ ತಂಡ ಕಳಿಸಿದ ದೇಶಗಳು 160.

ಈ ಎರಡು ಸಂಖ್ಯೆಗಳ ನಡುವಿನ ಅಂತರ ಕಣ್ಣಿಗೆ ಹೊಡೆಯುವಂಥದು. ಬಾಗಿಲು ಪೂರ್ತಿ ತೆರೆದಿಟ್ಟರೂ ಮಹಿಳಾ ತಂಡ ಕಟ್ಟದ, ಕಟ್ಟಲಾಗದ ದೇಶಗಳಿವೆ. ಚೆಸ್‌ನಲ್ಲಿ ಅಂಥ ದೇಶ ಮುಕ್ತ ವಿಭಾಗದಲ್ಲಿ ಆಡಿ ಬರಬಹುದು. ಪೇರ್ ಗೋದಲ್ಲಿ ಅದು ಸಾಧ್ಯವಿಲ್ಲ. ಮಹಿಳೆ ಇಲ್ಲದೆ ಜೋಡಿ ಇಲ್ಲ, ಜೋಡಿ ಇಲ್ಲದೆ ಸ್ಥಾನ ಇಲ್ಲ. 1979ರಿಂದ ನಡೆದುಬಂದ ವಿಶ್ವ ಹವ್ಯಾಸಿ ಗೋ ಚಾಂಪಿಯನ್‌ಷಿಪ್‌ಗೆ ಪ್ರತಿ ದೇಶ ಒಬ್ಬ ಆಟಗಾರರನ್ನು ಕಳಿಸುತ್ತದೆ. ಮಹಿಳೆಯರಿಗೆ ತಡೆಯೇನೂ ಇಲ್ಲ, ಆದರೂ ಅಲ್ಲಿ ಸಾಲುಸಾಲಾಗಿ ಕಾಣುವವರು ಗಂಡಸರೇ. ‘ಎಲ್ಲರಿಗೂ ಮುಕ್ತ’ ಎಂಬ ಫಲಕ ತೂಗುಹಾಕಿದ ಮಾತ್ರಕ್ಕೆ ಎಲ್ಲರೂ ಒಳಗೆ ಬರುವುದಿಲ್ಲ. ಜೋಡಿ ಎಂಬ ನಿಯಮ ಗೋ ಸಂಸ್ಥೆಗಳನ್ನು ಊರೂರಿನ ಕ್ಲಬ್ಬುಗಳಲ್ಲಿ ಹುಡುಗಿಯರಿಗೆ ಆಟ ಕಲಿಸುವಂತೆ, ಅವರನ್ನು ಉಳಿಸಿಕೊಳ್ಳುವಂತೆ ಒತ್ತಾಯಿಸಿತು. ಬ್ರಿಟನ್ನಿನಲ್ಲಿ 1990ರ ದಶಕದಿಂದಲೇ ರಾಷ್ಟ್ರೀಯ ಪೇರ್ ಗೋ ಪಂದ್ಯಗಳು ನಡೆಯುತ್ತಿವೆ. ಯೂರೋಪಿನಲ್ಲಿ ಖಂಡದ ಚಾಂಪಿಯನ್‌ಷಿಪ್ ಬಂತು. ಟೋಕಿಯೊದಲ್ಲೇ ವಿಶ್ವ ವಿದ್ಯಾರ್ಥಿ ಪೇರ್ ಗೋ ಸೇರಿಕೊಂಡಿತು. ಈ ಅವಧಿಯ ದೊಡ್ಡ ಸಾಧನೆ ಯಾವುದು ಎಂದು ಕೇಳಿದರೆ ನಮ್ಮ ಉತ್ತರ ಇದೇ.

ಏಳುಬೀಳಿನ ಲೆಕ್ಕವನ್ನೂ ಒಪ್ಪಿಸಬೇಕು. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಗೋ ಪದಕದ ಆಟವಾಯಿತು, ಮಿಶ್ರ ಜೋಡಿಗೂ ಜಾಗ ಸಿಕ್ಕಿತು. ದಕ್ಷಿಣ ಕೊರಿಯಾದ ಪಾರ್ಕ್ ಜಂಗ್-ಹ್ವಾನ್, ಲೀ ಸುಲ್-ಆ ಚಿನ್ನ ಗೆದ್ದರು. ಮರುವರ್ಷ ಬೀಜಿಂಗ್‌ನಲ್ಲಿ ಶುರುವಾದ ವಿಶ್ವ ಮೈಂಡ್ ಗೇಮ್ಸ್‌ನಲ್ಲೂ ಜೋಡಿ ಆಟ ಕಾಣಿಸಿಕೊಂಡಿತು. ಅದು ಏರುಗಾಲ. ಆದರೆ 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ಗೆ ಗೋ ಮರಳಿದಾಗ ಪುರುಷರ ವೈಯಕ್ತಿಕ, ಪುರುಷರ ತಂಡ, ಮಹಿಳಾ ತಂಡ ಈ ಮೂರೇ ಸ್ಪರ್ಧೆಗಳಿದ್ದವು. ಮಿಶ್ರ ಜೋಡಿಯನ್ನು ಕೈಬಿಟ್ಟಿದ್ದರು. ಇದು ಸಣ್ಣ ನಷ್ಟವಲ್ಲ. ಪದಕ ಇದ್ದಲ್ಲಿ ಸರ್ಕಾರದ ಹಣ ಇರುತ್ತದೆ, ತರಬೇತಿ ಇರುತ್ತದೆ. ಪದಕ ಹೋದರೆ ಅವೂ ಹೋಗುತ್ತವೆ. ಟೋಕಿಯೊ ಕೂಟದ ಪ್ರಶಸ್ತಿ ಪಟ್ಟಿಯ ತುಂಬ ಪೂರ್ವ ಏಷ್ಯಾದ ಹೆಸರುಗಳೇ ಎಂಬುದೂ ನಿಜ. ಅಷ್ಟರಿಂದಲೇ ಉಳಿದ ದೇಶಗಳಿಗೆ ಸ್ಥಾನ ಏಕೆ ಎಂದು ಯಾರಾದರೂ ಕೇಳಿದರೆ ಅದನ್ನು ನಾವು ಒಪ್ಪುವುದಿಲ್ಲ. ಮೊದಲ ಸುತ್ತಿನಲ್ಲೇ ಸೋಲುವ ಜೋಡಿಯೂ ಊರಿಗೆ ಮರಳಿ ನಾಲ್ಕು ಜನಕ್ಕೆ ಆಟ ಕಲಿಸುತ್ತದೆ. ಆಟ ಹರಡುವುದೇ ಹಾಗೆ.

ಹಾಗಾದರೆ ಮುಂದಿನ ದಾರಿ? ಮೂರು ಮಾತು ಹೇಳಬೇಕಿದೆ.

ಮೊದಲನೆಯದು, ಸ್ಥಾನ ಹಂಚುವ ಲೆಕ್ಕ ಬರಹದಲ್ಲಿರಬೇಕು, ಎಲ್ಲರಿಗೂ ಕಾಣುವಂತಿರಬೇಕು. ಇಂಥ ವರ್ಷ ಇಂಥ ದೇಶಕ್ಕೆ ಏಕೆ ಸಿಕ್ಕಿತು, ಇನ್ನೊಂದಕ್ಕೆ ಏಕೆ ತಪ್ಪಿತು ಎಂಬುದನ್ನು ಆಟಗಾರರು ತಾವೇ ಕೂಡಿಸಿ ಕಳೆದು ತಿಳಿಯುವಂತಿರಬೇಕು. ಆಹ್ವಾನ ಕೊಡುವವರ ಸದುದ್ದೇಶದ ಬಗ್ಗೆ ನಮಗೆ ಅನುಮಾನವಿಲ್ಲ. ಆದರೆ ಸದುದ್ದೇಶ ನಿಯಮದ ಜಾಗ ತುಂಬಲಾರದು. ಎರಡು ವರ್ಷ ಮುಂಚೆಯೇ ತಿಳಿದರೆ ಸಣ್ಣ ಸಂಸ್ಥೆಗಳಿಗೆ ಹಣ ಹೊಂದಿಸಲು, ಜೋಡಿಯನ್ನು ಪಳಗಿಸಲು ವೇಳೆ ಸಿಗುತ್ತದೆ.

ಎರಡನೆಯದು, ಒಟ್ಟು ಸ್ಥಾನಗಳಲ್ಲಿ ಒಂದು ಪಾಲು ಸಾಧನೆಗೆ, ಒಂದು ಪಾಲು ಸರದಿಗೆ, ಒಂದೆರಡು ಹೊಸ ದೇಶಗಳಿಗೆ ಮೀಸಲಾಗಲಿ. ದೇಶದೊಳಗೆ ಎಷ್ಟು ಜೋಡಿಗಳು ಆಡಿದವು ಎಂಬುದಕ್ಕೂ ಅಂಕ ಇರಲಿ. ಇಪ್ಪತ್ತು ಜೋಡಿಗಳನ್ನು ಆಡಿಸಿ ಒಂದನ್ನು ಆರಿಸಿದ ಸಂಸ್ಥೆಯ ದುಡಿಮೆಯನ್ನೂ ಇದ್ದ ಒಂದೇ ಜೋಡಿಯನ್ನು ವಿಮಾನ ಹತ್ತಿಸಿದ ಸಂಸ್ಥೆಯ ದುಡಿಮೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಮೂರನೆಯದು ದೇಶಗಳಿಗೇ ಹೇಳುವ ಮಾತು. ಆಯ್ಕೆಯನ್ನು ಜೋಡಿಯಾಗಿ ಆಡಿಸಿಯೇ ಮಾಡಿ. ದೇಶದ ಅಗ್ರ ಆಟಗಾರನ ಪಕ್ಕ ಅಗ್ರ ಆಟಗಾರ್ತಿಯನ್ನು ಕಾಗದದ ಮೇಲೆ ಕೂಡಿಸಿ ಕಳಿಸಿದರೆ ಜೋಡಿ ಆಗುವುದಿಲ್ಲ. ವರ್ಷಗಟ್ಟಲೆ ಒಟ್ಟಿಗೆ ಆಡಿದವರ ಮುಂದೆ ಅಂಥವರು ನಿಲ್ಲಲಾರರು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನ ಬ್ರಿಡ್ಜ್‌ನಲ್ಲಿ ಪುರುಷರ ಜೋಡಿಯ ಚಿನ್ನ ಭಾರತಕ್ಕೆ ತಂದ ಪ್ರಣಬ್ ಬರ್ಧನ್‌ಗೆ ಆಗ 60 ವರ್ಷ, ಶಿಬ್‌ನಾಥ್ ಸರ್ಕಾರ್‌ಗೆ 56. ಜೊತೆಗಾರಿಕೆಗೆ ಎಳೆ ವಯಸ್ಸಿಗಿಂತ ಪಳಗಿದ ನಂಬಿಕೆ ಮುಖ್ಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಭಾರತದಲ್ಲಿ ಗೋ ಇನ್ನೂ ಕೆಲವೇ ಜನರ ಆಟ. ಚೆಸ್‌ನಲ್ಲಿ ಮಾತ್ರ ನಾವು ಜಗತ್ತಿನ ಮುಂಚೂಣಿಯಲ್ಲಿದ್ದೇವೆ. ಒಲಿಂಪಿಯಾಡ್‌ನಲ್ಲಿ ಮುಕ್ತ, ಮಹಿಳಾ ತಂಡಗಳ ಫಲಿತಾಂಶವನ್ನು ಒಟ್ಟು ಮಾಡಿ ಕೊಡುವ ಟ್ರೋಫಿಯೊಂದಿದೆ, ಜಾರ್ಜಿಯಾದ ನೋನಾ ಗ್ಯಾಪ್ರಿಂದಾಶ್ವಿಲಿ ಹೆಸರಿನದು. 2022ರಲ್ಲೂ 2024ರಲ್ಲೂ ಅದು ಬಂದದ್ದು ಭಾರತಕ್ಕೆ. 2024ರಲ್ಲಿ ಬುಡಾಪೆಸ್ಟ್‌ನಲ್ಲಿ ಎರಡೂ ವಿಭಾಗಗಳ ಚಿನ್ನ ನಮ್ಮದಾಯಿತು. ಹೆಣ್ಣುಮಕ್ಕಳನ್ನೂ ಗಂಡುಮಕ್ಕಳನ್ನೂ ಸಮನಾಗಿ ಬೆಳೆಸಿದ ದೇಶಕ್ಕೆ ಸಲ್ಲುವ ಗೌರವ ಅದು. ಚೆಸ್‌ನಲ್ಲಿ ಬದಿಯ ಬಹುಮಾನವಾಗಿರುವ ಈ ಮೌಲ್ಯ ಪೇರ್ ಗೋದಲ್ಲಿ ಆಟದ ನಡುಗಂಬವೇ ಆಗಿದೆ.

ಆದ್ದರಿಂದ ಈ ಕೂಟ ತನ್ನ ಅರ್ಹತೆಯ ನಿಯಮವನ್ನು ಬರೀ ಬಲಾಬಲದ ಪಟ್ಟಿಯಾಗಿ ಇಳಿಸಿಕೊಳ್ಳಬಾರದು. ಯಾವ ದೇಶ ತನ್ನ ಆಟಗಾರ್ತಿಯರಿಗೆ ಮಣೆ ಹಾಕಿದೆ, ಎಷ್ಟು ಜೋಡಿಗಳನ್ನು ಬೆಳೆಸಿದೆ ಎಂಬ ಲೆಕ್ಕವೂ ಅದರಲ್ಲಿ ಸೇರಬೇಕು. ಹಾಗೆ ಮಾಡಿದರೆ ಮುಂದಿನ ದಶಕದಲ್ಲಿ ಹೊಸ ಹೊಸ ದೇಶಗಳ ಹೆಸರು ಆ 32ರೊಳಗೆ ಬರುತ್ತವೆ. ಏಷ್ಯನ್ ಗೇಮ್ಸ್‌ಗೆ ಮಿಶ್ರ ಜೋಡಿಯನ್ನು ಮರಳಿ ತನ್ನಿ ಎಂದು ಕೇಳುವ ದನಿಗೂ ಬಲ ಬರುತ್ತದೆ. ಆ ಕೆಲಸ ಈ ವರ್ಷದಿಂದಲೇ ಶುರುವಾಗಲಿ.