ತಾರೀಖು ಯಾರಪ್ಪಂದು?



2020ರ ಆಗಸ್ಟ್ ತಿಂಗಳಲ್ಲಿ ನಾವೂ ಒಂದು ಮನವಿಪತ್ರ ಹಿಡಿದು ಹೊರಟಿದ್ದೆವು. ನೀಟ್ ಪರೀಕ್ಷೆ ಮುಂದೂಡಿ ಎಂಬ ಮನವಿ. ಆಗ ನಾವು ಡಿಗ್ರಿಯಲ್ಲಿದ್ದೆವು. ನಮ್ಮ ನಮ್ಮ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವರು. ಜೀವ ಉಳಿದರೆ ತಾನೇ ಡಾಕ್ಟರಾಗೋದು ಎಂದು ಅದರಲ್ಲಿ ಬರೆದಿದ್ದೆವು. ಬರೆದದ್ದು ಸುಳ್ಳಲ್ಲ. ಆದರೆ ಕನಕಪುರ ತಾಲ್ಲೂಕಿನ ಒಂದು ಹಟ್ಟಿಯಲ್ಲಿ, ಆ ಪರೀಕ್ಷೆ ಬರೆಯಬೇಕಾಗಿದ್ದ ಹುಡುಗಿಯೇ ಅದಕ್ಕೆ ಸಹಿ ಹಾಕಲಿಲ್ಲ. ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ ಕೈ ಒರೆಸ್ಕಂಡು ಕೇಳಿದಳು:

“ಮೇ ಅಂದ್ರು, ಜುಲೈ ಅಂದ್ರು, ಈಗ ಸೆಪ್ಟೆಂಬರ್ ಅಂತಾವ್ರೆ. ನೀವು ಇನ್ನೂ ಮುಂದಕ್ಕೆ ತಳ್ಳಿ ಅಂತೀರಿ. ತಳ್ಳಿದಷ್ಟೂ ನಮ್ಮನೇಲಿ ಗಂಡು ಹುಡುಕ್ತಾರೆ ಕನಣ್ಣ. ನನ್ ಮದ್ವೆ ಮುಂದೂಡ್ಸಕ್ಕೆ ಯಾವ ಕೋರ್ಟಿಗೆ ಹೋಗ್ಲಿ?”

ನಮ್ಮ ಬಾಯಿ ಕಟ್ಟಿತು. ಮಾರನೇ ದಿನ ಮಾಗಡಿ ಕಡೆಯ ಹುಡುಗನೊಬ್ಬ ಓಡಿಬಂದು ಸಹಿ ಹಾಕಿದ. ಹಾಸ್ಟೆಲ್ ಮುಚ್ಚಿತ್ತು. ಮನೆಗಿದ್ದ ಒಂದೇ ಫೋನನ್ನು ಅಪ್ಪ ಕೆಲಸಕ್ಕೆ ಒಯ್ಯುತ್ತಿದ್ದ. ಅಪ್ಪ ವಾಪಸು ಬಂದ ಮೇಲೆ, ರಾತ್ರಿ, ಸಿಗ್ನಲ್ ಸಿಗೋ ದಿಬ್ಬ ಹತ್ತಿ ಪಾಠ ಕೇಳಬೇಕು. “ಇನ್ನೆರಡು ತಿಂಗ್ಳು ಸಿಕ್ರೆ ಫಿಸಿಕ್ಸ್ ಒಂದಾದ್ರೂ ಮುಗುಸ್ಕತೀನಿ” ಅಂದ.

ಇಬ್ಬರೂ ನಮ್ಮವರೇ. ಇಬ್ಬರ ಮಾತೂ ನಿಜವೇ. ಒಂದೇ ಜಿಲ್ಲೆಯ, ಒಂದೇ ಕಸುಬಿನ, ಒಂದೇ ಸಾಲದ ಮನೆಗಳ ಮಕ್ಕಳು ಒಬ್ಬರಿಗೊಬ್ಬರು ಎದುರು ನಿಲ್ಲುವಂತೆ ಈ ಪ್ರಶ್ನೆಯನ್ನು ಕಟ್ಟಿದವರು ಯಾರು? ಪರೀಕ್ಷೆ ಮುಂದೂಡಬೇಕೋ ಬೇಡವೋ ಎಂದು ದೇಶವೆಲ್ಲ ಟಿವಿಯ ಮುಂದೆ ಕೂತು ವಾದ ಮಾಡಿತಲ್ಲ, ಆ ವಾದ ನಡೆದದ್ದು ಕಾಲವನ್ನು ಜೇಬಿನಲ್ಲಿಟ್ಟುಕೊಂಡವರ ನಡುವೆ. ಮುಂದೂಡಿದರೆ ಅವರಿಗೆ ಇನ್ನೊಂದು ಕ್ರ್ಯಾಶ್ ಕೋರ್ಸು. ಮುಂದೂಡದಿದ್ದರೆ ಮನೆ ಬಾಗಿಲಿಂದ ಪರೀಕ್ಷಾ ಕೇಂದ್ರದ ಬಾಗಿಲಿಗೆ ಕಾರು. ಈ ವರ್ಷ ಆಗದಿದ್ದರೆ ಮುಂದಿನ ವರ್ಷಕ್ಕೆ ರಿಪೀಟರ್ ಬ್ಯಾಚು. ಅವರಿಗೆ ತಾರೀಖು ಅಂದರೆ ಕ್ಯಾಲೆಂಡರಿನ ಒಂದು ಮನೆ. ನಮಗೆ ತಾರೀಖು ಅಂದರೆ ಕೂಲಿ, ಬಡ್ಡಿ, ಹುಳ ಹಣ್ಣಾಗೋ ದಿನ.

ಆಗಸ್ಟ್ 17ರಂದು ಸುಪ್ರೀಂ ಕೋರ್ಟು ಮುಂದೂಡುವ ಅರ್ಜಿಯನ್ನು ತಳ್ಳಿಹಾಕಿತು. ಬದುಕು ಸಾಗಲೇಬೇಕು, ಮಕ್ಕಳ ಒಂದು ವರ್ಷ ಹಾಳಾಗಬಾರದು ಎಂಬುದು ಅದರ ಇಂಗಿತ. ಆರು ರಾಜ್ಯಗಳ ಮಂತ್ರಿಗಳು ಮರುಪರಿಶೀಲನೆಗೆ ಹೋದರು, ಅವರಲ್ಲಿ ಕರ್ನಾಟಕದವರಿರಲಿಲ್ಲ. ಸೆಪ್ಟೆಂಬರ್ 4ರಂದು ಅದೂ ಬಿದ್ದುಹೋಯಿತು. ಬದುಕು ಸಾಗಲಿ, ನಾವೂ ಒಪ್ಪಿದೆವು ಸ್ವಾಮಿ. ಯಾವುದರ ಮೇಲೆ ಸಾಗಬೇಕು? ಸೆಪ್ಟೆಂಬರ್ 13, ಭಾನುವಾರ. ಚನ್ನಪಟ್ಟಣ, ರಾಮನಗರದ ಮೇಲೆ ದಿನವೂ ಓಡುತ್ತಿದ್ದ ಲೋಕಲ್ ರೈಲುಗಳು ಮಾರ್ಚ್‌ನಿಂದ ನಿಂತಿದ್ದವು. ಕನಕಪುರಕ್ಕೂ ಮಾಗಡಿಗೂ ರೈಲೇ ಇಲ್ಲ, ಅಲ್ಲಿ ನಿಲ್ಲುವುದಕ್ಕಾದರೂ ಏನಿತ್ತು? ಪರೀಕ್ಷೆ ಬರೆಯಲು ನಮ್ಮ ಮಕ್ಕಳು ಬೆಂಗಳೂರಿಗೋ ಮೈಸೂರಿಗೋ ಹೋಗಬೇಕಿತ್ತು. ಪರಿಶಿಷ್ಟರಿಗೆ ಆ ವರ್ಷ ಅರ್ಜಿ ಶುಲ್ಕ 800 ರೂಪಾಯಿ ಎಂದು ಉಪಕಾರ ಮಾಡಿದಂತೆ ಹೇಳಿಕೊಂಡರು. ಬಸ್ಸಿಲ್ಲದ ಊರಿನಿಂದ ಬೆಳಗಾಗುವ ಮುಂಚೆ ಗೊತ್ತು ಮಾಡಿದ ಆಟೋದ ಬಾಡಿಗೆ ಎಷ್ಟೆಂದು ಯಾರೂ ಕೇಳಲಿಲ್ಲ.

ಆ ವರ್ಷ ನೀಟ್‌ಗೆ ಹೆಸರು ಕೊಟ್ಟವರು 15.97 ಲಕ್ಷ. ಬರೆದವರು 13.66 ಲಕ್ಷ. ಮಿಕ್ಕ ಎರಡು ಲಕ್ಷ ಮೂವತ್ತು ಸಾವಿರ ಮಕ್ಕಳು ಎಲ್ಲಿ ಹೋದರು? ಯಾವ ಕೇರಿಯವರು, ಯಾವ ಜಾತಿಯವರು? ಪಾಸಾದವರ ಪಟ್ಟಿ ಎಲ್ಲರ ಕಣ್ಣಿಗೆ ಬೀಳುತ್ತದೆ, ಬಾರದೇ ಹೋದವರು ‘ಗೈರುಹಾಜರು’ ಎಂಬ ಗುಂಡಿಯಲ್ಲಿ ಮುಚ್ಚಿಹೋಗುತ್ತಾರೆ.

ಮುಂದೂಡುವುದು ಅವರಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. 2016ರಲ್ಲಿ ಎಲ್ಲರಿಗೂ ನೀಟ್ ಎಂದು ಕೋರ್ಟು ಹೇಳಿದಾಗ, ಕೇಂದ್ರ ಸರ್ಕಾರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ತಂದು ರಾಜ್ಯಗಳ ಸೀಟುಗಳಿಗೆ ಒಂದು ವರ್ಷ ವಿನಾಯಿತಿ ಕೊಟ್ಟಿತು. 2024ರ ಜೂನ್ 22ರ ರಾತ್ರಿ, ಬೆಳಗಾದರೆ ನಡೆಯಬೇಕಿದ್ದ ಪಿಜಿ ನೀಟನ್ನೇ ನಿಲ್ಲಿಸಿದರು. ಆ ಹೊತ್ತಿಗೆ ದೂರದೂರಿನವರು ಪರೀಕ್ಷೆಯ ಊರಿಗೆ ಹೋಗಿ ರೂಮು ಮಾಡಿಕೊಂಡಾಗಿತ್ತು. ಹಿಡಿದರೆ ಬಿಗಿ, ಬಿಟ್ಟರೆ ಸಡಿಲ. ಹಗ್ಗ ಮಾತ್ರ ಅವರ ಕೈಯಲ್ಲೇ.

2019ರ ಹಂಪಿ ಎಕ್ಸ್‌ಪ್ರೆಸ್ಸಿನ ಕತೆಯನ್ನು ಮರೆಯಬಾರದು. ಮೇ 5ರಂದು ಉತ್ತರ ಕರ್ನಾಟಕದ ನೂರಾರು ಮಕ್ಕಳನ್ನು ಹೊತ್ತ ಆ ರೈಲು ಆರು ಗಂಟೆಗೂ ಹೆಚ್ಚು ತಡವಾಗಿ ಬೆಂಗಳೂರು ಮುಟ್ಟಿತು. ಅಷ್ಟರಲ್ಲಿ ಒಂದೂವರೆಗೆ ಗೇಟು ಹಾಕಿಯಾಗಿತ್ತು. ಗಲಾಟೆಯಾಯಿತು, ದೊಡ್ಡವರು ದನಿಯೆತ್ತಿದರು, ಮೇ 20ರಂದು ಮತ್ತೆ ಪರೀಕ್ಷೆ ನಡೆಯಿತು. ಒಳ್ಳೆಯದೇ ಆಯಿತು, ನಮಗೆ ಹೊಟ್ಟೆಕಿಚ್ಚಿಲ್ಲ. ಆ ರೈಲು ಬೆಂಗಳೂರು ದಾಟಿ ನಮ್ಮ ರಾಮನಗರ, ಚನ್ನಪಟ್ಟಣದ ಮೇಲೆಯೇ ಮೈಸೂರಿಗೆ ಹೋಗುತ್ತದೆ. ನೂರಾರು ಮಂದಿ ಒಂದೇ ರೈಲಿನಲ್ಲಿ ಸಿಕ್ಕಿಕೊಂಡರೆ ಸುದ್ದಿ. ಒಬ್ಬೊಬ್ಬರೇ ಒಂದೊಂದು ಹಟ್ಟಿಯಲ್ಲಿ ಬಾರದ ಬಸ್ಸಿಗೆ ಕಾದು ನಿಂತರೆ ಅದು ಸುದ್ದಿಯಲ್ಲ, ಅವರವರ ಹಣೆಬರಹ.

ಇನ್ನು ಕಾಲೇಜಿನ ಮಾತು. 2007ರಲ್ಲಿ ರಾಮನಗರ ಜಿಲ್ಲೆಯಾಯಿತು. ಕನಕಪುರಕ್ಕೆ ಎಂದಿದ್ದ ಸರ್ಕಾರಿ ವೈದ್ಯಕೀಯ ಕಾಲೇಜು 2019ರಲ್ಲಿ ಚಿಕ್ಕಬಳ್ಳಾಪುರದ ಪಾಲಾಯಿತು. ರಾಮನಗರಕ್ಕೆ ಎಂದಿದ್ದದ್ದು ಕನಕಪುರಕ್ಕೆ ಹೊರಟಿದೆ ಎಂದು 2023ರ ಸೆಪ್ಟೆಂಬರಿನಲ್ಲಿ ರಾಮನಗರ ಬಂದ್ ಆಯಿತು. 2025ರಲ್ಲಿ ಜಿಲ್ಲೆಯ ಹೆಸರನ್ನೇ ಬೆಂಗಳೂರು ದಕ್ಷಿಣ ಎಂದು ಬದಲಿಸಲು ಸಂಪುಟ ತೀರ್ಮಾನಿಸಿತು. (ಹೆಸರು ಮುಂದೂಡಲಿಲ್ಲ ನೋಡಿ!) ನಮ್ಮ ನಾಯಕರು ಕಾಲೇಜನ್ನು ಗೋಲಿಯಾಟದ ಗೋಲಿ ಮಾಡಿಕೊಂಡು ಈ ಊರಿಂದ ಆ ಊರಿಗೆ ಹೊಡೆಯುತ್ತಿದ್ದಾಗ ಎಷ್ಟು ಮಕ್ಕಳ ಎಷ್ಟು ವರ್ಷ ಹಾಳಾಯಿತು? ಆ ಲೆಕ್ಕಕ್ಕೆ ‘ವರ್ಷ ಹಾಳಾಗಬಾರದು’ ಎಂಬ ನ್ಯಾಯ ಯಾಕೆ ಬರುವುದಿಲ್ಲ? ಆ ಬಂದ್ ದಿನವೂ ನಮ್ಮ ಕೆಲವು ಗೆಳೆಯರು ತಮ್ಮ ತಮ್ಮ ತಾಲ್ಲೂಕಿನ ಬಾವುಟ ಹಿಡಿದು ನಿಂತರು. ನಾಚಿಕೆಯಾಗಬೇಕು ನಮಗೆ.

ಪ್ರತಿಭೆ ಅಂತಾರೆ. 1994ರಲ್ಲಿ ಈ ರಾಜ್ಯಕ್ಕೆ ಸಿಇಟಿ ಬಂದದ್ದೇ ಕ್ಯಾಪಿಟೇಶನ್ ಹಾವಳಿಗೆ ಕಡಿವಾಣ ಹಾಕಲು. ದುಡ್ಡು ಕೊಟ್ಟು ಸೀಟು ಹಿಡಿಯುತ್ತಿದ್ದವರ ಪ್ರತಿಭೆಯನ್ನು ಅಲ್ಲಿಯವರೆಗೆ ಯಾರೂ ಅಳೆದಿರಲಿಲ್ಲ. ಈಗ ದುಡ್ಡು ಒಂದು ಬಾಗಿಲು ಹಿಂದಕ್ಕೆ ಸರಿದು ಕೋಚಿಂಗ್ ಕೌಂಟರಿನಲ್ಲಿ ಕೂತಿದೆ. 2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಸಿಕ್ಕಿ ಏನು ಬಂತು? ಹತ್ತರವರೆಗೆ ಕನ್ನಡದಲ್ಲಿ ಓದಿದ ಕೂಸಿಗೆ ಪಿಯುಸಿ ವಿಜ್ಞಾನದ ಪುಸ್ತಕ ಇಂಗ್ಲಿಷಿನಲ್ಲಿ. ಪಾಠ ಒಂದು ಭಾಷೆ, ಪರೀಕ್ಷೆ ಒಂದು ಭಾಷೆ; 2020ರಲ್ಲಿ ಇಡೀ ದೇಶದಲ್ಲಿ ಕನ್ನಡ ಆರಿಸಿಕೊಂಡವರು ಸಾವಿರದ ಆಸುಪಾಸು. ನೀಟ್ ಬೇಡವೆಂದು 2024ರ ಜುಲೈನಲ್ಲಿ ನಮ್ಮ ವಿಧಾನಮಂಡಲ ನಿರ್ಣಯ ಮಾಡಿತು. ನಿರ್ಣಯದಿಂದ ಹಟ್ಟಿಗೆ ಬಸ್ಸು ಬರಲಿಲ್ಲ. ತಮಿಳುನಾಡು 2020ರಲ್ಲೇ ಸರ್ಕಾರಿ ಶಾಲೆಯ ಮಕ್ಕಳಿಗೆ ವೈದ್ಯಕೀಯ ಸೀಟಿನಲ್ಲಿ ಶೇ. 7.5 ಮೀಸಲು ಮಾಡಿತು. ಅಲ್ಲಿ ಕಾನೂನಾದದ್ದು ಇಲ್ಲಿ ಭಾಷಣವಾಗಿಯೂ ಕೇಳಿಸಲಿಲ್ಲ ಯಾಕೆ?

ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಮೊದಲು ಸಹಿ ಕೇಳಿದೆವು, ಆಮೇಲೆ ಕಷ್ಟ ಕೇಳಿದೆವು. ಆ ಹುಡುಗಿಯ ಮುಂದೆ ನಾವೂ ಪಟ್ಟಣದವರ ಹಾಗೆಯೇ, ತಾರೀಖಿನ ಜಗಳವನ್ನು ಬಗಲಲ್ಲಿಟ್ಟುಕೊಂಡು ಹೋಗಿ ನಿಂತಿದ್ದೆವು. ಅವಳು ಕೇಳುತ್ತಿದ್ದದ್ದು ತಾರೀಖನ್ನಲ್ಲ. ಹೇಳಿದ ದಿನ ಪರೀಕ್ಷೆ ನಡೀಲಿ, ಹೋಗಿ ಬರಕ್ಕೆ ಬಸ್ಸಿರಲಿ ಅಂದಳು. ಮಾಗಡಿಯ ಹುಡುಗ ಕೇಳಿದ್ದೂ ಎರಡು ತಿಂಗಳಲ್ಲ. ಹಾಸ್ಟೆಲ್ ತೆಗೆದು, ಒಬ್ಬ ಮೇಷ್ಟ್ರನ್ನು ಕೊಟ್ಟಿದ್ದರೆ ಅವನಿಗೆ ಮುಂದೂಡುವುದು ಬೇಕಾಗಿರಲಿಲ್ಲ. ಇದನ್ನು ಮನವಿಯಲ್ಲಿ ಬರೆಯಲು ನಮಗೆ ತೋಚಲಿಲ್ಲ.

ಹುಡುಗಿ ಆ ಸೆಪ್ಟೆಂಬರಿನಲ್ಲಿ ಪರೀಕ್ಷೆ ಬರೆದಳು, ಸೀಟು ಸಿಗಲಿಲ್ಲ. ಈಗ ನರ್ಸಿಂಗ್ ಮುಗಿಸಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುತ್ತಾಳೆ. ಹುಡುಗ ಬರೆಯಲೇ ಇಲ್ಲ. ಅವನು ಬಿಡದಿಯ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಕ್ಕಿದ್ದಾನೆ.

ಹಳ್ಳಿಗಳಲ್ಲಿರುವ ಮೇಷ್ಟ್ರುಗಳೇ, ಹಾಸ್ಟೆಲಿನ ಗೆಳೆಯರೇ, ನಿಮ್ಮಲ್ಲಿ ಕೇಳುವುದಿಷ್ಟು. ಈ ಸಲ ಪರೀಕ್ಷೆಗೆ ಅರ್ಜಿ ಹಾಕಿದ ಮಕ್ಕಳನ್ನು ಎಲ್ಲಾ ತಾಲ್ಲೂಕಿನಲ್ಲೂ ಮನೆ ಮನೆಗೆ ಹೋಗಿ ಕಾಣಿ. ಯಾವ ಊರಿಗೆ ಎಷ್ಟು ಗಂಟೆಗೆ ಮೊದಲ ಬಸ್ಸು, ಯಾವ ಹಾಸ್ಟೆಲಿಗೆ ಬೀಗ, ಯಾವ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರಕ್ಕೆ ಮೇಷ್ಟ್ರಿಲ್ಲ, ಒಂದು ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳಿ. ಸಹಿ ಆಮೇಲೆ ಕೇಳೋಣ. ಆ ನೋಟ್ ಬುಕ್ ಹಿಡಿದು ಜಿಲ್ಲಾಧಿಕಾರಿಗಳ ಕಚೇರಿಯ ಮುಂದೆ ಕೂರುವ ದಿನ ಯಾವುದೆಂದು ಮಾತ್ರ ನಾವೇ ಗೊತ್ತು ಮಾಡೋಣ.