ಮೊದಲು ಯಾವ ಬಾಗಿಲು ಮುಚ್ಚಬೇಕು?

ಕಂಪ್ಯೂಟರ್ ನಿಧಾನವಾಯಿತೆಂದರೆ ನಮ್ಮ ಐಟಿ ಮಂದಿಗೂ ಹೊಳೆಯುವುದು ಒಂದೇ ಮದ್ದು: ಯಾರೋ ಕಳಿಸಿದ ಪಟ್ಟಿ ನೋಡಿಕೊಂಡು ವಿಂಡೋಸ್‌ನ ಹಿನ್ನೆಲೆ ಸರ್ವೀಸ್‌ಗಳನ್ನು ಸಾಲಾಗಿ ‘ಡಿಸೇಬಲ್’ ಮಾಡುವುದು. ರಜೆಗೆ ಊರಿಗೆ ಹೋದಾಗ ಅಪ್ಪನ ಕಂಪ್ಯೂಟರಿಗೂ ಇದೇ ಚಿಕಿತ್ಸೆ ಮಾಡಿ ಪುಣೆಗೆ ವಾಪಸಾಗುವವರನ್ನು ಬಲ್ಲೆ. ರೋಗವೇನೆಂದು ನೋಡದೆ ಕೊಡುವ ಈ ಔಷಧಿಗೆ ನನ್ನ ವಿರೋಧವಿದೆ.

ಆ ಪಟ್ಟಿಯ ಹಲವು ಸರ್ವೀಸ್‌ಗಳು ‘ಮ್ಯಾನುಯಲ್’ನಲ್ಲಿರುತ್ತವೆ; ಯಾವುದಾದರೂ ಪ್ರೋಗ್ರಾಮ್ ಕರೆಯುವ ತನಕ ಏಳುವುದೇ ಇಲ್ಲ. ಮಲಗಿದವರನ್ನು ಮನೆಯಿಂದ ಅಟ್ಟಿದರೆ ಅಡುಗೆ ಬೇಗ ಆಗುತ್ತದೆಯೇ? ನಿಧಾನಕ್ಕೆ ಕಾರಣ ಬಹುತೇಕ ಹಳೆಯ ಹಾರ್ಡ್‌ಡಿಸ್ಕ್, ಸಾಲದ ರ್‍ಯಾಮ್, ಇಲ್ಲವೇ ನಲವತ್ತು ಟ್ಯಾಬ್ ತೆರೆದಿಟ್ಟ ಬ್ರೌಸರ್.

ನಿಜವಾದ ಅಪಾಯ ‘ವಿಂಡೋಸ್ ಅಪ್‌ಡೇಟ್’ ನಿಲ್ಲಿಸುವುದರಲ್ಲಿದೆ. 2017ರ ಮೇನಲ್ಲಿ ವಾನಾಕ್ರೈ ಜಗತ್ತಿನಾದ್ಯಂತ ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟ್ ಮಾರ್ಚಿನಲ್ಲೇ ಬಂದಿತ್ತು. ಅಪ್ಪ ಪಿಂಚಣಿ ಖಾತೆ ನೋಡುವ ಯಂತ್ರದಲ್ಲಿ ಆ ಸರ್ವೀಸ್ ನಿಲ್ಲಿಸಿ ಬರುವುದು ಸಹಾಯವೇ?

ಹಾಗೆಂದು ಎಲ್ಲವೂ ಓಡುತ್ತಿರಲಿ ಎನ್ನುವುದಿಲ್ಲ. ಪ್ರಿಂಟರ್ ಇಲ್ಲದ, ಪ್ರಿಂಟ್ ಕೊಟ್ಟು ಪಿಡಿಎಫ್ ಮಾಡುವ ಅಭ್ಯಾಸವೂ ಇಲ್ಲದ ಮನೆಯಲ್ಲಿ ‘ಪ್ರಿಂಟ್ ಸ್ಪೂಲರ್’ ಏಕೆ ಬೇಕು? 2021ರಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂಬ ದೋಷ ಸಿಕ್ಕಿದ್ದು ಅದರಲ್ಲೇ. ಬಳಕೆಯ ವಿವರಗಳನ್ನು ಮೈಕ್ರೋಸಾಫ್ಟಿಗೆ ಕಳಿಸುವ ‘ಟೆಲಿಮೆಟ್ರಿ’ ನಿಲ್ಲಿಸಿದರೂ ನಿಮ್ಮ ಕೆಲಸ ಕೆಡುವುದಿಲ್ಲ. ವೇಗದ ಆಸೆ ಬಿಟ್ಟು, ಹೊರಗಿನವರಿಗೆ ಬಾಗಿಲಾಗುವುದು ಯಾವುದೆಂದು ನೋಡಿ ಆರಿಸಿ.

ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಹೇಗಿತ್ತೆಂದು ಬರೆದಿಡಿ. ಆಫೀಸಿನಲ್ಲಿ ಚೇಂಜ್ ರಿಕ್ವೆಸ್ಟ್ ಇಲ್ಲದೆ ಸರ್ವರ್ ಮುಟ್ಟದ ನಾವು, ಅಪ್ಪನ ಯಂತ್ರಕ್ಕೂ ಅಷ್ಟು ಮರ್ಯಾದೆ ಕೊಡಬಾರದೇ?