ಜೋಡಿಸಿ ಮರೆತುಬಿಡಿ ಎನ್ನುವವರಿಗೆ ಒಂದು ಮಾತು



ಇತ್ತೀಚೆಗೆ ನಿಮ್ಮಲ್ಲಿ ಅನೇಕರು ನನಗೆ ಒಂದೇ ಉಪದೇಶವನ್ನು ಬೇರೆ ಬೇರೆ ಮಾತುಗಳಲ್ಲಿ ಮಾಡುತ್ತಿದ್ದೀರಿ. "ಮೇಷ್ಟ್ರೇ, ಕರೆಂಟ್ ಬಿಲ್ಲು, ಫೋನ್ ಬಿಲ್ಲು, ವಿಮೆಯ ಕಂತು ಎಂದು ಪ್ರತಿ ತಿಂಗಳೂ ಏಕೆ ಒದ್ದಾಡುತ್ತೀರಿ? ಒಮ್ಮೆ ಕಾರ್ಡಿಗೆ ಜೋಡಿಸಿ ಮರೆತುಬಿಡಿ. ಹಣ ತಾನಾಗಿಯೇ ಹೋಗುತ್ತದೆ." ಇದು ಪ್ರೀತಿಯಿಂದ ಹೇಳಿದ ಮಾತೆಂದು ಬಲ್ಲೆ. ಆದರೂ ಇದನ್ನು ನಾನು ಒಪ್ಪಲಾರೆ. ಜೋಡಿಸುವುದಕ್ಕೆ ನನ್ನ ತಕರಾರಿಲ್ಲ; ತಕರಾರಿರುವುದು ಮರೆಯುವುದಕ್ಕೆ. ಈ ಸಲಹೆಯಲ್ಲಿ ಅಪಾಯವೆಲ್ಲ ಅಡಗಿರುವುದು ಆ ಕೊನೆಯ ಪದದಲ್ಲಿಯೇ ಎಂಬುದನ್ನು ತೋರಿಸಿಕೊಡುವುದು ಈ ಬರೆಹದ ಉದ್ದೇಶ.

"ಕಾರ್ಡಿನಿಂದ ಪ್ರತಿ ತಿಂಗಳೂ ಹಣ ಕಡಿತವಾಗುವುದು ಸುರಕ್ಷಿತವೇ?" ಎಂದು ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಒಬ್ಬ ಕಳ್ಳನಿರುತ್ತಾನೆ. ಅವನು ಎಲ್ಲಿಂದಲೋ ಕಾರ್ಡಿನ ಸಂಖ್ಯೆಯನ್ನು ಕದ್ದು ಖಾತೆಯನ್ನು ಬರಿದು ಮಾಡುತ್ತಾನೆಂಬ ಭಯ. ನ್ಯಾಯವಾಗಿ ಹೇಳಬೇಕೆಂದರೆ, ಈ ಭಯಕ್ಕೆ ನಮ್ಮ ದೇಶದಲ್ಲಿ ಸಾಕಷ್ಟು ಮದ್ದು ಅರೆಯಲಾಗಿದೆ. 2022ರ ಅಕ್ಟೋಬರ್ 1ರಿಂದ ಅಂಗಡಿಗಳು, ಆ್ಯಪ್‌ಗಳು ನಮ್ಮ ಕಾರ್ಡಿನ ನಿಜವಾದ ಸಂಖ್ಯೆಯನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದರ ಬದಲು ಟೋಕನ್ ಎಂಬ ಸಂಕೇತವನ್ನಷ್ಟೇ ಇಟ್ಟುಕೊಳ್ಳಬಹುದು. ಅದಕ್ಕೂ ಮೊದಲು, 2017ರ ಜುಲೈನಲ್ಲಿ, ರಿಸರ್ವ್ ಬ್ಯಾಂಕ್ ಇನ್ನೊಂದು ಗುರಾಣಿಯನ್ನು ಕೊಟ್ಟಿತು. ನಮ್ಮ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ಮೂರನೆಯವರಿಂದ ಹಣ ಹೋದಾಗ, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಮ್ಮದಲ್ಲ. ನಾಲ್ಕರಿಂದ ಏಳು ದಿನ ತಡವಾದರೆ ನಮ್ಮ ಹೊಣೆಗೆ ಒಂದು ಮಿತಿಯಿದೆ. ಗ್ರಾಹಕನದೇ ಹೊಣೆ ಎಂದು ಸಾಧಿಸುವ ಭಾರವನ್ನು ಆ ಸುತ್ತೋಲೆಯು ಬ್ಯಾಂಕಿನ ಮೇಲೆಯೇ ಹೊರಿಸಿತು.

ಇಷ್ಟನ್ನು ಕೇಳಿ ನೆಮ್ಮದಿಯಾಗಿ ಮಲಗಬಹುದೆಂದು ನಿಮಗೆ ಅನ್ನಿಸಬಹುದು. ಸ್ವಲ್ಪ ತಾಳಿ. ಆ ಗುರಾಣಿಯ ಮೇಲೆ ಬರೆದಿರುವ ಒಂದು ಪದವನ್ನು ಮತ್ತೊಮ್ಮೆ ಓದಿ: 'ಅನಧಿಕೃತ'. ನೀವು ಅನುಮತಿ ಕೊಡದೆ ಹೋದ ಹಣಕ್ಕೆ ಮಾತ್ರ ಅದು ರಕ್ಷಣೆ. ನೀವೇ ಒಮ್ಮೆ ಗುಪ್ತಸಂಖ್ಯೆ ಒತ್ತಿ ಕಾಯಂ ಅನುಮತಿ ಕೊಟ್ಟು, ಅನಂತರ ಅದನ್ನು ಮರೆತು, ಎರಡು ವರ್ಷ ಹಣ ಸೋರಿಹೋದರೆ ಅದು ಅನಧಿಕೃತವಲ್ಲ. ಅದು ಕಳವೂ ಅಲ್ಲ, ಮೋಸವೂ ಅಲ್ಲ. ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಇದೆ. ಕಳ್ಳತನಕ್ಕೆ ಕಾನೂನು ರಕ್ಷಣೆ ಕೊಟ್ಟಿದೆ, ಮರೆವಿಗೆ ಕೊಟ್ಟಿಲ್ಲ. "ಮರೆತುಬಿಡಿ" ಎನ್ನುವವರು, ಅರಿವಿದ್ದೋ ಇಲ್ಲದೆಯೋ, ನಮ್ಮನ್ನು ಆ ಗುರಾಣಿಯ ಹೊರಗೆ ನಿಲ್ಲಿಸುತ್ತಿದ್ದಾರೆ.

ನನ್ನ ಜೊತೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಹಿರಿಯರಿದ್ದಾರೆ. ಏಳು ದಿನಕ್ಕೆ ಒಂದು ರೂಪಾಯಿ ಎಂದು ತೋರಿಸಿದ ಯಾವುದೋ ಆ್ಯಪ್‌ನಲ್ಲಿ ಮೊಮ್ಮಗಳಿಗೆ ಕಥೆ ಕೇಳಿಸಲೆಂದು ಪಿಂಚಣಿ ಖಾತೆಯ ಡೆಬಿಟ್ ಕಾರ್ಡನ್ನು ಜೋಡಿಸಿದರು. ಎಂಟನೆಯ ದಿನದಿಂದ ಒಂದು ರೂಪಾಯಿಯ ಜಾಗದಲ್ಲಿ ನೂರಾರು ರೂಪಾಯಿಯ ತಿಂಗಳ ಶುಲ್ಕ ಶುರುವಾಯಿತು. ಮಗು ಬೇಸಿಗೆ ರಜೆ ಮುಗಿಸಿ ಊರಿಗೆ ಹೋಯಿತು. ಇವರು ಫೋನಿನಿಂದ ಆ ಆ್ಯಪನ್ನು ಅಳಿಸಿ, ಅಲ್ಲಿಗೆ ಸಂಬಂಧ ಮುಗಿಯಿತೆಂದುಕೊಂಡರು. ಆ್ಯಪ್ ಅಳಿಸಿದರೆ ಅನುಮತಿ ಅಳಿಯುವುದಿಲ್ಲ ಎಂಬ ಸಂಗತಿಯನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಒಂದು ವರ್ಷ ದಾಟಿದ ಮೇಲೆ ಪಾಸ್‌ಬುಕ್ ಮುದ್ರಿಸಿದಾಗ ಸಂಗತಿ ಬಯಲಾಯಿತು. ಬ್ಯಾಂಕಿನವರು ವಿನಯದಿಂದಲೇ ಹೇಳಿದರು: "ಸರ್, ನೀವೇ ಒಪ್ಪಿಗೆ ಕೊಟ್ಟಿದ್ದೀರಿ." ಆ ಉತ್ತರದಲ್ಲಿ ಸುಳ್ಳಿರಲಿಲ್ಲ. ಅದೇ ಅದರ ಕ್ರೌರ್ಯ.

ಇಂಥ ಸೋರಿಕೆಯನ್ನು ತಡೆಯಲೆಂದೇ ರಿಸರ್ವ್ ಬ್ಯಾಂಕ್ 2019ರ ಆಗಸ್ಟ್‌ನಲ್ಲಿ ಇ-ಮ್ಯಾಂಡೇಟ್ ನಿಯಮಗಳನ್ನು ಹೊರಡಿಸಿತು. ಗಡುವು ಮುಂದೂಡಲ್ಪಟ್ಟು, 2021ರ ಅಕ್ಟೋಬರ್ 1ರಿಂದ ಅವು ಪೂರ್ಣವಾಗಿ ಜಾರಿಗೆ ಬಂದವು. ಅನುಮತಿಯನ್ನು ನೋಂದಾಯಿಸುವಾಗ ಹೆಚ್ಚುವರಿ ದೃಢೀಕರಣ ಬೇಕು. ಮೊತ್ತ ತಿಂಗಳಿಂದ ತಿಂಗಳಿಗೆ ಬದಲಾಗುವುದಾದರೆ ಗರಿಷ್ಠ ಮಿತಿಯನ್ನು ನಾವೇ ನಿಗದಿಪಡಿಸಬೇಕು. ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಬ್ಯಾಂಕು ಸೂಚನೆ ಕಳುಹಿಸಬೇಕು. ಆ ಸೂಚನೆ ನೋಡಿ ಆ ಒಂದು ಪಾವತಿಯನ್ನೋ ಇಡೀ ಅನುಮತಿಯನ್ನೋ ರದ್ದು ಮಾಡುವ ಹಕ್ಕು ನಮಗಿದೆ. ಇದಕ್ಕೆಲ್ಲ ಗ್ರಾಹಕನಿಂದ ಶುಲ್ಕ ವಸೂಲು ಮಾಡುವಂತಿಲ್ಲ.

ಆಗ ಎಷ್ಟು ಗೊಣಗಾಟ ಕೇಳಿಬಂತೆಂದು ನಿಮಗೆ ನೆನಪಿರಬಹುದು. ಅಕ್ಟೋಬರ್ ತಿಂಗಳಲ್ಲಿ ಎಷ್ಟೋ ಜನರ ಚಂದಾಗಳು ನಿಂತುಹೋದವು. ಸಿನಿಮಾ ಆ್ಯಪ್‌ಗಳು, ಪತ್ರಿಕೆಗಳು, ವಿದೇಶೀ ಕಂಪನಿಗಳು ಕಾರ್ಡನ್ನು ನಿರಾಕರಿಸತೊಡಗಿದವು. "ಇದೆಂಥ ಹಳೆಯ ಕಾಲದ ನಿಯಮ" ಎಂದು ನಿಮ್ಮಲ್ಲೇ ಕೆಲವರು ಕೋಪಿಸಿಕೊಂಡಿರಿ. ನನ್ನ ದೃಷ್ಟಿಯಲ್ಲಿ ಅದು ಸಾಮಾನ್ಯ ಗ್ರಾಹಕನ ಪರವಾಗಿ ಬಂದ ಒಳ್ಳೆಯ ನಿಯಮಗಳಲ್ಲೊಂದು. ನಮ್ಮ ಹಣ ತೆಗೆಯುವ ಮುನ್ನ ನಮಗೊಂದು ಮಾತು ತಿಳಿಸಿ ಎಂದಷ್ಟೇ ಅದು ಕೇಳಿತು. ಮನೆಯ ಕಣಜಕ್ಕೆ ಕೈಹಾಕುವವನು ಮನೆಯ ಯಜಮಾನನಿಗೆ ಹೇಳಿ ಹಾಕಬೇಕೆಂದರೆ ಅದರಲ್ಲಿ ಹಳೆಯ ಕಾಲದ್ದೇನಿದೆ?

ನನಗೆ ಚಿಂತೆಯಾಗುವುದು ಆ ಗೋಡೆ ಕಟ್ಟಿದ್ದರಿಂದಲ್ಲ. ಕಟ್ಟಿದ ಗೋಡೆಯ ಎತ್ತರ ಮೆಲ್ಲಮೆಲ್ಲನೆ ಇಳಿಯುತ್ತಿರುವುದರಿಂದ. ಪ್ರತಿ ಬಾರಿಯೂ ದೃಢೀಕರಣ ಕೇಳದೆ ಕಡಿತ ಮಾಡಬಹುದಾದ ಮೊತ್ತ 2019ರಲ್ಲಿ 2,000 ರೂಪಾಯಿ ಇತ್ತು. ನಿಯಮ ಪೂರ್ಣವಾಗಿ ಜಾರಿಗೆ ಬರುವ ಮೊದಲೇ ಅದು 5,000 ಆಯಿತು. 2022ರ ಜೂನ್‌ನಲ್ಲಿ 15,000 ಆಯಿತು. 2023ರ ಡಿಸೆಂಬರ್‌ನಲ್ಲಿ ವಿಮೆಯ ಕಂತು, ಮ್ಯೂಚುವಲ್ ಫಂಡ್, ಕ್ರೆಡಿಟ್ ಕಾರ್ಡ್ ಬಿಲ್ಲುಗಳಿಗೆ ಒಂದು ಲಕ್ಷಕ್ಕೇರಿತು. 2024ರ ಆಗಸ್ಟ್‌ನಲ್ಲಿ ಫಾಸ್ಟ್ಯಾಗ್ ಮತ್ತು ಸಾರಿಗೆ ಕಾರ್ಡುಗಳಿಗೆ ತಾನಾಗಿ ಹಣ ತುಂಬುವಾಗ 24 ಗಂಟೆಯ ಮುನ್ಸೂಚನೆಯೂ ಬೇಡವೆಂದಾಯಿತು. ಪ್ರತಿಯೊಂದು ಸಡಿಲಿಕೆಗೂ ಒಂದೊಂದು ಸಮರ್ಥನೆ ಇದ್ದೇ ಇದೆ. ಆದರೆ ಬೆಂಗಳೂರಿನ ಸಂಬಳದಾರನಿಗೆ 15,000 ಒಂದು ಸಂಜೆಯ ಖರ್ಚಾದರೆ, ತಾಲ್ಲೂಕು ಕೇಂದ್ರದಲ್ಲಿರುವ ಕುಟುಂಬ ಪಿಂಚಣಿಯ ವಿಧವೆಗೆ ಅದು ಒಂದು ತಿಂಗಳ ಬದುಕು. ಇಬ್ಬರಿಗೂ ಒಂದೇ ಮಿತಿ ಎಂಬುದು ಲೆಕ್ಕದಲ್ಲಿ ಸಮಾನತೆ, ನ್ಯಾಯದಲ್ಲಿ ಅಲ್ಲ.

ಇನ್ನು ಡೆಬಿಟ್ ಕಾರ್ಡೋ ಕ್ರೆಡಿಟ್ ಕಾರ್ಡೋ ಎಂಬ ಪ್ರಶ್ನೆ. ಡೆಬಿಟ್ ಕಾರ್ಡಿನಲ್ಲಿ ಹೋಗುವುದು ನಮ್ಮ ಸ್ವಂತ ಹಣ, ಹೋಗುವುದು ಆ ಕ್ಷಣವೇ. ಜಗಳವಾಡುವುದೆಲ್ಲ ಅನಂತರ, ಬರಿಗೈಯಲ್ಲಿ. ಕ್ರೆಡಿಟ್ ಕಾರ್ಡಿನಲ್ಲಿ ಕಡಿತಕ್ಕೂ ನಮ್ಮ ಕಿಸೆಗೂ ನಡುವೆ ತಿಂಗಳ ಲೆಕ್ಕಪಟ್ಟಿ ಬರುತ್ತದೆ, ಕಟ್ಟಲು ಕೆಲವು ದಿನಗಳ ಅವಧಿ ಇರುತ್ತದೆ; ಆ ನಡುವೆ ಓದಿ ಆಕ್ಷೇಪಿಸಬಹುದು. ಆ ಮಟ್ಟಿಗೆ ಅದು ವಾಸಿ. ಆದರೆ ಕ್ರೆಡಿಟ್ ಕಾರ್ಡಿನ ಬಿಲ್ಲನ್ನೇ ಮತ್ತೆ ತಾನಾಗಿ ಕಡಿತವಾಗುವಂತೆ ಮಾಡಿ, ಅದರಲ್ಲೂ 'ಕನಿಷ್ಠ ಬಾಕಿ' ಎಂಬುದನ್ನು ಒತ್ತಿ ಕುಳಿತರೆ, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಗೂ ಮೀರಿ ಬಡ್ಡಿ ಬೆಳೆಯುವುದು ಸಾಮಾನ್ಯ. ಓದದೆ ಕಟ್ಟುವವನಿಗೆ ಯಾವ ಕಾರ್ಡೂ ಸುರಕ್ಷಿತವಲ್ಲ.

ಮರೆವಿನಿಂದ ಇನ್ನೊಂದು ಕೇಡಿದೆ. "ಕಳೆದ ತಿಂಗಳ ಬಿಲ್ಲು ಪಾವತಿಯಾಗಿಲ್ಲ, ಇಂದು ರಾತ್ರಿ ನಿಮ್ಮ ಮನೆಯ ವಿದ್ಯುತ್ ಕಡಿತಗೊಳ್ಳುತ್ತದೆ, ಕೂಡಲೇ ಈ ಅಧಿಕಾರಿಗೆ ಕರೆ ಮಾಡಿ" ಎಂಬ ಸಂದೇಶವನ್ನು ನೀವೂ ನೋಡಿರುತ್ತೀರಿ. ಇಂಥ ಸುಳ್ಳು ಸಂದೇಶಗಳನ್ನು ನಂಬಬೇಡಿರೆಂದು ಬೆಸ್ಕಾಂ ಗ್ರಾಹಕರನ್ನು ಎಚ್ಚರಿಸಿದೆ. ಈ ಮೋಸ ಯಾರ ಮೇಲೆ ಫಲಿಸುತ್ತದೆ? ಬಿಲ್ಲು ಯಾವ ದಿನ ಬಂತು, ಎಷ್ಟು ಬಂತು, ಕಟ್ಟಿಯಾಯಿತೇ ಎಂಬುದು ಗೊತ್ತಿಲ್ಲದವರ ಮೇಲೆ. ತಾನೇ ಕಟ್ಟಿದವನು, ರಸೀದಿ ಕಂಡವನು, ನಕ್ಕು ಅಳಿಸುತ್ತಾನೆ. ಎಲ್ಲವನ್ನೂ ಯಂತ್ರಕ್ಕೆ ಬಿಟ್ಟು ಮರೆತವನ ಎದೆ ಮಾತ್ರ ಡವಡವ ಎನ್ನುತ್ತದೆ. ಅವನು ಗಾಬರಿಯಿಂದ ಕರೆ ಮಾಡುತ್ತಾನೆ. ಬಿಲ್ಲನ್ನು ಓದುವುದರಿಂದ ಇನ್ನೂ ಒಂದು ಲಾಭವುಂಟು. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕು. ಶೂನ್ಯವಿದ್ದ ಜಾಗದಲ್ಲಿ ಸಾವಿರ ಚಿಲ್ಲರೆ ಬಂದರೆ ಅದು ಬೇಸಿಗೆಯ ಫ್ಯಾನಿನ ಫಲವೋ ಮೀಟರಿನ ದೋಷವೋ ಎಂದು ವಿಚಾರಿಸುವುದು ಹಣ ಹೋಗುವ ಮೊದಲೇ ಒಳ್ಳೆಯದಲ್ಲವೇ?

ನಿಮ್ಮ ಆಕ್ಷೇಪಗಳನ್ನೂ ಬಲ್ಲೆ. "ಅಪ್ಪ ಅಮ್ಮ ಊರಲ್ಲಿದ್ದಾರೆ, ನಾವು ಅಮೆರಿಕದಲ್ಲೋ ದುಬೈಯಲ್ಲೋ ಇದ್ದೇವೆ. ಅವರ ವಿಮೆಯ ಕಂತು ತಪ್ಪಿದರೆ ಪಾಲಿಸಿಯೇ ರದ್ದಾಗುತ್ತದೆ" ಎನ್ನುತ್ತೀರಿ. ಇದು ನಿಜವಾದ ಕಷ್ಟ. ಕಾಯಿಲೆ, ಪ್ರಯಾಣ, ಮುಪ್ಪು, ಇವುಗಳ ಮುಂದೆ ನನ್ನ ಶಿಸ್ತಿನ ಪಾಠ ನಿಲ್ಲುವುದಿಲ್ಲ. ಆದ್ದರಿಂದಲೇ ಜೋಡಿಸಬೇಡಿ ಎಂದು ನಾನು ಹೇಳುತ್ತಿಲ್ಲ. ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು ಎಂಬ ಗಾದೆಯಿದೆ. ಯಂತ್ರವೆಂಬುದು ಒಬ್ಬ ಆಳು. ಸಂಬಳ ಕೇಳದ, ನಿದ್ದೆ ಮಾಡದ, ಆದರೆ ತಪ್ಪು ಯಾವುದು ಸರಿ ಯಾವುದು ಎಂದು ತಿಳಿಯದ ಆಳು. ಆಳನ್ನು ಇಟ್ಟುಕೊಳ್ಳಿ, ಆದರೆ ಲೆಕ್ಕ ಕೇಳುವುದನ್ನು ಬಿಡಬೇಡಿ.

ಪಿಂಚಣಿ ಬರುವ ಖಾತೆಯ ಡೆಬಿಟ್ ಕಾರ್ಡನ್ನು ಯಾವ ಆ್ಯಪಿಗೂ ಜೋಡಿಸಬೇಡಿ. ಬಿಲ್ಲುಗಳಿಗೆಂದೇ ಒಂದು ಬೇರೆ ಉಳಿತಾಯ ಖಾತೆ ತೆರೆದು, ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಅದರಲ್ಲಿಡಿ. ಗರಿಷ್ಠ ಮಿತಿ ಕೇಳಿದಾಗ ಪರದೆಯ ಮೇಲೆ ಮೊದಲೇ ತುಂಬಿರುವ ದೊಡ್ಡ ಅಂಕಿಯನ್ನು ಒಪ್ಪದೆ, ನಿಮ್ಮ ಮಾಮೂಲಿ ಬಿಲ್ಲಿಗಿಂತ ಸ್ವಲ್ಪ ಹೆಚ್ಚನ್ನು ನೀವೇ ಬರೆಯಿರಿ. ಚಂದಾ ಬೇಡವಾದಾಗ ಆ್ಯಪ್ ಅಳಿಸುವ ಮೊದಲು ಬ್ಯಾಂಕಿನಲ್ಲಿ ಅನುಮತಿಯನ್ನು ಅಳಿಸಿ. ಹಣ ಮೋಸದಿಂದ ಹೋಗಿದೆಯೆಂದು ತಿಳಿದ ಕೂಡಲೇ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಿ. ಊರು ಸೂರೆಹೋದ ಮೇಲೆ ಕೋಟೆಬಾಗಿಲು ಹಾಕಿ ಫಲವಿಲ್ಲ.

ಬ್ಯಾಂಕುಗಳಿಗೂ ನಾನು ಕೇಳಬೇಕಾದದ್ದಿದೆ. ಅನುಮತಿ ಕೊಡಲು ಒಂದು ಒತ್ತು ಸಾಕು. ಹಿಂಪಡೆಯಲು ಐದಾರು ಪುಟಗಳ ಒಳಗೆ ತಡಕಾಡಬೇಕೇಕೆ? ಚಂದಾ ಮಾಡಿಸಿಕೊಂಡು ಬಿಡಿಸಿಕೊಳ್ಳಲಾಗದಂತೆ ಹೆಣೆಯುವ ಬಲೆಯನ್ನು 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ನಿಷಿದ್ಧ ತಂತ್ರಗಳ ಪಟ್ಟಿಗೆ ಸೇರಿಸಿತು. ಮಾರುವವನಿಗೆ ಹೇಳಿದ ಆ ಬುದ್ಧಿಯನ್ನು ಬ್ಯಾಂಕೂ ಕೇಳಬೇಕಲ್ಲವೇ? ಜೀವಂತವಾಗಿರುವ ಅನುಮತಿಗಳ ಪಟ್ಟಿಯನ್ನು ಪಾಸ್‌ಬುಕ್ಕಿನಲ್ಲೇ ಮುದ್ರಿಸಲಿ. ನನಗೆ ಬರುವ ಮುನ್ಸೂಚನೆಗಳೆಲ್ಲ ಇಂಗ್ಲಿಷಿನಲ್ಲೇ ಇರುತ್ತವೆ. ನಾನು ಓದಿಕೊಳ್ಳಬಲ್ಲೆ, ನನ್ನ ಅತ್ತಿಗೆ ಓದಲಾರಳು. ಓದಲು ಬಾರದ ಭಾಷೆಯಲ್ಲಿ ಕೊಟ್ಟ ಸೂಚನೆ ಸೂಚನೆಯೇ ಅಲ್ಲ.

ನೀವು ರಜೆಗೆ ಊರಿಗೆ ಬಂದಾಗ ತಂದೆತಾಯಿಯರ ಫೋನಿನಲ್ಲಿ ಹೊಸದೊಂದು ಆಟೋ ಪೇ ಜೋಡಿಸುವ ಮೊದಲು ಅರ್ಧ ಗಂಟೆ ಅವರೊಂದಿಗೆ ಕುಳಿತು, ಈಗಾಗಲೇ ಇರುವ ಅನುಮತಿಗಳನ್ನು ಒಂದೊಂದಾಗಿ ಓದಿ ಹೇಳಿ. ಯಾವುದು ಬೇಕು, ಯಾವುದು ಬೇಡ ಎಂದು ಅವರನ್ನೇ ಕೇಳಿ. ಆ ಅರ್ಧ ಗಂಟೆಯನ್ನು ಯಾವ ಕಾರ್ಡಿಗೂ ಜೋಡಿಸಲು ಬರುವುದಿಲ್ಲ.